ಅಮ್ಮ ನೋಡಿದ ಕಡೆ

ಸುವಾ, ಫಿಜಿ
9 ಮಾರ್ಚ್ 1997

ಅಮ್ಮಾ,

ನೀನು ಕಳಿಸಿದ ಚಾಪೆ, ಕೊಬ್ಬರಿ ಎಣ್ಣೆ ಎರಡೂ ಬಂದವು. ಶೀಸೆ ಒಡೆದಿರಲಿಲ್ಲ, ಆದರೆ ಮುಚ್ಚಳ ಸಡಿಲಾಗಿ ನನ್ನ ಭಾನುವಾರದ ಉಡುಪೆಲ್ಲ ನಮ್ಮ ಮನೆಯ ವಾಸನೆ ಹೊಡೆಯುತ್ತಿದೆ. ಒಗೆಯಲು ಮನಸ್ಸು ಬರಲಿಲ್ಲ.

ಗಣಿತ ಹೇಗೆ ನಡೆದಿದೆ ಎಂದು ಅಪ್ಪ ಕೇಳಿದ್ದಾರೆ. ಅದು ತನ್ನ ಪಾಡಿಗೆ ಮುಂದೆ ನಡೆದಿದೆ, ನಾನು ಹಿಂದೆ ಕುಂಟುತ್ತಿದ್ದೇನೆ. ಅವರಿಗೆ ಚೆನ್ನಾಗಿದೆಯಂತೆ ಎಂದಷ್ಟೇ ಹೇಳು.

ಈಗ ಬರೆಯುವುದನ್ನು ಕೂತು ಓದು. ಇಲ್ಲಿ ಪ್ರತಿಯೊಬ್ಬರೂ ತಮ್ಮ ಪಾಠದ ಜೊತೆಗೆ ಇನ್ನೊಂದು ಪಾಠ ತೆಗೆದುಕೊಳ್ಳಲೇಬೇಕು. ಸಂಗೀತಕ್ಕೆ ಹೆಸರು ಕೊಡಲು ಹೋದರೆ ಸಾಲು ಮೆಟ್ಟಿಲಿಳಿದು ಅಂಗಳಕ್ಕೆ ಬಂದಿತ್ತು. ಪಕ್ಕದ ಬಾಗಿಲಲ್ಲಿ ಮೂರೇ ಜನ. ಸೆಕೆ ತಡೆಯಲಾರದೆ ಅಲ್ಲಿ ನಿಂತೆ. ಅದು ಸಿನಿಮಾ ತೆಗೆಯುವುದನ್ನು ಕಲಿಸುವ ತರಗತಿ.

ಲಿತಿಯಾ ಎಂಬ ಮೇಡಂ ಪಾಠ ಮಾಡುತ್ತಾರೆ. ಮೊದಲ ದಿನವೇ ಕೈಗೆ ಕ್ಯಾಮೆರಾ ಕೊಟ್ಟು, "ಮಾರ್ಕೆಟ್ಟಿಗೆ ಹೋಗು, ಹತ್ತು ನಿಮಿಷ ಏನನ್ನಾದ್ರೂ ನೋಡ್ಕೊಂಡು ಬಾ" ಅಂದರು. ಕೆಸುವಿನ ಗೆಡ್ಡೆ ಮಾರುವ ಒಬ್ಬ ಹೆಂಗಸಿನ ಮುಂದೆ ನಿಂತೆ. ಗಿರಾಕಿಗಳು ಚೌಕಾಸಿ ಮಾಡಿದಾಗಲೆಲ್ಲ ಅವಳ ಮುಖ ನಗುತ್ತಿತ್ತು, ಆದರೆ ಮೇಜಿನ ಕೆಳಗೆ ಒಂದು ಪಾದ ಇನ್ನೊಂದನ್ನು ತುಳಿಯುತ್ತಿತ್ತು. ನಾನು ಮುಖ ಬಿಟ್ಟು ಪಾದವನ್ನೇ ತೆಗೆದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ಲಿತಿಯಾ ನಗಲಿಲ್ಲ. "ಇದನ್ನ ನಿಂಗೆ ಯಾರು ಹೇಳ್ಕೊಟ್ರು?" ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಆಮೇಲೆ ಲಿತಿಯಾ ನನಗೊಬ್ಬಳಿಗೇ ಕ್ಯಾಮೆರಾವನ್ನು ಇಡೀ ವಾರ ಕೊಟ್ಟರು.

ಅಮ್ಮಾ, ಇಷ್ಟು ವರ್ಷ ನನಗೆ ಯಾವುದರಲ್ಲೂ ಹಸಿವು ಇರಲಿಲ್ಲ. ಈಗ ಊಟದ ಗಂಟೆ ಹೊಡೆದರೂ ಕೇಳಿಸುವುದಿಲ್ಲ. ಗಣಿತ ಬಿಟ್ಟು ಇದನ್ನೇ ಓದಬಹುದಂತೆ, ಲಿತಿಯಾ ಹೇಳಿದರು. ಅಪ್ಪನಿಗೆ ನೀನೇ ಹೇಗಾದರೂ ಹೇಳು.

ನಿನ್ನ
ಪೆಲೆನೈಸೆ

•

ನೇಯಾಫು, ವವಾಉ
6 ಏಪ್ರಿಲ್ 1997

ಮಗಳೇ ಪೆಲೆ,

ನಾವೆಲ್ಲ ದೇವರ ದಯೆಯಿಂದ ಉಸಿರಾಡುತ್ತಿದ್ದೇವೆ. ನಿನ್ನ ಕಾಗದದಲ್ಲಿ ಲಿತಿಯಾ ಎಂಬ ಹೆಸರು ನಾಲ್ಕು ಸಲ ಬಂದಿದೆ, ಅಮ್ಮಾ ಎಂಬುದು ಎರಡು ಸಲ. ಎಣಿಸಿದ್ದು ನಿನ್ನ ಅಪ್ಪ. ಅಲ್ಲ, ನಾನೇ.

ಆ ಮೇಡಂ ಮದುವೆಯಾಗಿದ್ದಾಳೆಯೇ? ಮಕ್ಕಳಿದ್ದಾರೆಯೇ? ಇಲ್ಲದಿದ್ದರೆ ಹೆತ್ತು ಸಾಕಲಿ, ಬೇರೆಯವರು ಸಾಕಿದ್ದನ್ನು ಹೊಗಳುವುದು ಸುಲಭ. "ಇದನ್ನು ಯಾರು ಹೇಳಿಕೊಟ್ಟರು" ಎಂದು ಕೇಳಿದರೆ "ಯಾರೂ ಇಲ್ಲ" ಅಂದೆಯಂತೆ. ಮರದ ತೊಗಟೆ ಬಡಿದು ನಾರುಬಟ್ಟೆ ಮಾಡುವಾಗ ನನ್ನ ಪಕ್ಕ ಕೂರಿಸಿಕೊಂಡು "ಯಾರ ಕೈ ಸೋತಿದೆ, ಮುಖ ನೋಡ್ಬೇಡ, ಮೊಣಕೈ ನೋಡಿ ಹೇಳು" ಎಂದು ಆಟ ಆಡಿಸುತ್ತಿದ್ದವಳು ಯಾರು? ಇರಲಿ.

ನಿನ್ನ ಅಪ್ಪನಿಗೆ ಹೇಳಿದೆ. ಅವನು ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು ಸೀದಾ ತನ್ನ ಅಕ್ಕನ ಮನೆಗೆ ಹೋದ. ನಾನೂ ಹಿಂದೆ ಹೋದೆ. ಅವನು ಪದ್ಧತಿಯಂತೆ ಬಾಗಿಲ ಹೊರಗೆ ಕೂತು ತಲೆ ತಗ್ಗಿಸಿ ಓದಿದ. ನಿನ್ನ ಅತ್ತೆ ತೋಕಿಲುಪೆ ಬೀಸಣಿಗೆ ಬೀಸಿಕೊಳ್ಳುತ್ತ ಕೇಳಿದಳು. ಆಮೇಲೆ ಹೇಳಿದಳು: "ಮಾಡ್ಲಿ ಬಿಡು ಸೇಮಿಸಿ. ಹುಡುಗಿ ಕಣ್ಣು ಚುರುಕಾಗಿದೆ. ನಮ್ಮ ಮನೆತನದ ಕಣ್ಣು ಅದು, ನನ್ನ ಕಣ್ಣೇ." ನಿನ್ನ ಅಪ್ಪ "ಆಯ್ತಕ್ಕ" ಅಂದ. ಅಲ್ಲಿಗೆ ಮುಗಿಯಿತು.

ನನ್ನನ್ನು ಯಾರೂ ಕೇಳಲಿಲ್ಲ. ತಮ್ಮನ ಮಕ್ಕಳ ಮೇಲೆ ಅಕ್ಕನಿಗಿರುವ ಹಕ್ಕು ದೇವರಿಗೂ ಇಲ್ಲವೆಂದು ನಮ್ಮ ಹಿರಿಯರು ಕಟ್ಟಿಟ್ಟು ಹೋಗಿದ್ದಾರೆ. ಒಂಬತ್ತು ತಿಂಗಳು ಹೊತ್ತವಳು ನಾನು, ಕಣ್ಣು ಮಾತ್ರ ಅವಳದಂತೆ! ನಾನೂ "ಮಾಡಲಿ" ಎಂದೇ ಹೇಳಬೇಕೆಂದಿದ್ದೆ. ಅವಳು ಮೊದಲು ಹೇಳಿದ್ದರಿಂದ ಈಗ ನನಗೆ ಬೇಡವೆನಿಸುತ್ತಿದೆ. ಬೇಡವೆಂದರೆ ನನ್ನ ಮಾತು ಯಾರು ಕೇಳುತ್ತಾರೆ?

ಹೊಟ್ಟೆ ತುಂಬ ಉಣ್ಣು.

ಅಮ್ಮ
ಲೋಸಲೀನ್

•

ಸುವಾ
18 ಮೇ 1997

ಅಮ್ಮಾ,

ಅತ್ತೆ ಒಪ್ಪಿದರೆಂದು ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಣಿದೆ, ಕಾಲು ಉಳುಕಿದೆ. ಅವರಿಗೆ ನನ್ನ ನಮಸ್ಕಾರ ಹೇಳು. ಬೇರೆ ಕಾಗದ ಬರೆಯುತ್ತೇನೆ.

ರಜೆಗೆ ಬರುವಾಗ ಕಾಲೇಜಿನ ಕ್ಯಾಮೆರಾ ತರುತ್ತಿದ್ದೇನೆ. ನನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ನೀವೆಲ್ಲ ನಾರುಬಟ್ಟೆ ಮಾಡುತ್ತಿದ್ದೀರಲ್ಲ, ಆ ಕೆಲಸದ ಮೇಲೆಯೇ ನನ್ನ ಚಿತ್ರ. ತೊಗಟೆ ಬಡಿಯುವುದರಿಂದ ಹಿಡಿದು ಬಟ್ಟೆಯನ್ನು ಅಂಗಳದಲ್ಲಿ ಹಾಸುವವರೆಗೆ. ಮೇಡಂ ಒಪ್ಪಿದ್ದಾರೆ. (ಹೆಸರು ಬರೆದಿಲ್ಲ, ನೋಡು.) ತುಂಡುಗಳಿಗೆ ಅಂಟು ಹಾಕಿ ಜೋಡಿಸುವ ಕೆಲಸವನ್ನು ಮಾತ್ರ ನಾನು ಬರುವವರೆಗೆ ಮುಗಿಸಬೇಡಿ.

ನಿನ್ನ
ಪೆಲೆ

•

ನೇಯಾಫು
10 ಆಗಸ್ಟ್ 1997

ಮಗಳೇ,

ನೀನು ಹಡಗು ಹತ್ತಿ ಹನ್ನೆರಡು ದಿನವಾಯಿತು. ಎದುರಿಗಿದ್ದಾಗ ಹೇಳಲು ನಾಲಿಗೆ ಏಳಲಿಲ್ಲ. ನಿನ್ನ ಜೊತೆ ಜಗಳವಾಡಿ ಕಳಿಸಬಾರದೆಂದು ನುಂಗಿಕೊಂಡೆ, ಅದು ಹೊಟ್ಟೆಯಲ್ಲಿ ಅರಗಲಿಲ್ಲ.

ಮೂರು ವಾರ ಚಿತ್ರ ತೆಗೆದೆ. ಯಾರನ್ನು ತೆಗೆದೆ? ಮುಂದಿನ ಚಾಪೆಯಲ್ಲಿ, ಬಾಗಿಲ ಗಾಳಿಗೆ, ಬೀಸಣಿಗೆ ಹಿಡಿದು ಕೂತಿದ್ದವಳನ್ನು. ಅವಳು ಈ ಚಿತ್ತಾರದ ಕಥೆ ಇದು, ಆ ಗೆರೆಯ ಅರ್ಥ ಅದು ಎಂದು ಉಪದೇಶ ಕೊಡುತ್ತಿದ್ದಳು. ನೀನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆ ಗೆರೆಗಳನ್ನು ಬಣ್ಣದಲ್ಲಿ ಉಜ್ಜಿ ಉಜ್ಜಿ ಮೇಲಕ್ಕೆ ಎಬ್ಬಿಸಿದ ಕೈ ಯಾರದು? ಅವಳು ಕೊಡತಿ ಮುಟ್ಟಿ ಎಷ್ಟು ವರ್ಷವಾಯಿತು ಕೇಳಿದೆಯಾ? ದುಡಿಯುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು.

ಒಂದು ದಿನ ಅವಳ ಮುಖಕ್ಕೆ ಬೆಳಕು ಸಾಲದೆಂದು ಕಿಟಕಿಯ ಪರದೆಯನ್ನು ಎತ್ತಿ ಹಿಡಿಯಲು ಯಾರಿಗೆ ಹೇಳಿದೆ ನೆನಪಿದೆಯೇ? ನನಗೆ. "ಅಮ್ಮಾ, ಸ್ವಲ್ಪ ಹಿಡ್ಕೊಳ್ಳೇ" ಅಂದೆ. ಅರ್ಧ ಗಂಟೆ ಹಿಡಿದು ನಿಂತೆ. ನನ್ನ ಕೈಯಿಂದಲೇ ಅವಳ ಮುಖಕ್ಕೆ ಬೆಳಕು ಬಿಡಿಸಿದೆ ನೀನು. ಕೈ ನೋಯಲಿಲ್ಲ, ಬೇರೆ ಕಡೆ ನೋಯಿತು.

ಆಮೇಲೆ ಹುಟ್ಟುಹಬ್ಬ. ಏಳು ತಿಂಗಳು ಬಡಿದ ಬಟ್ಟೆ, ಹನ್ನೆರಡು ಹೆಂಗಸರು ಹೊತ್ತು ತಂದು ಅವಳ ಮುಂದೆ ಹಾಸಿದರು. ಅವಳು ತಲೆ ಆಡಿಸಿದಳು, ಸುತ್ತಿ ಅವಳ ಮನೆಗೆ ಸಾಗಿಸಿದರು. ಅದು ಪದ್ಧತಿ, ನನಗೇನು ಗೊತ್ತಿಲ್ಲವೇ? ನನ್ನ ತಮ್ಮಂದಿರ ಮಕ್ಕಳ ಹಬ್ಬಗಳಲ್ಲಿ ನಾನೂ ಹಾಗೇ ಕೂತು ತೆಗೆದುಕೊಂಡಿದ್ದೇನೆ, ಒಂದು ದಿನವೂ ಬೇಡವೆಂದಿಲ್ಲ. ಆದರೆ ನನ್ನ ಮಗಳ ಹಬ್ಬದ ಅಂಗಳದಲ್ಲಿ ನಾನು ಯಾರು? ಆ ಹೊತ್ತಿನಲ್ಲಿ ನಾನು ನೆಲದೊಲೆಯ ಮೇಲಿನ ಎಲೆ ತೆಗೆದು ಹಂದಿ ಬೆಂದಿದೆಯೇ ಎಂದು ಚುಚ್ಚಿ ನೋಡುತ್ತಿದ್ದೆ. ನೀನು ನನ್ನ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಹೊಗೆ ಬರುತ್ತದೆ ಅಂದೆ.

ನನಗೆ ಹೊಟ್ಟೆಕಿಚ್ಚು ಎಂದುಕೋ. ಹೌದು, ಹೊಟ್ಟೆಕಿಚ್ಚೇ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ಇಪ್ಪತ್ತನಾಲ್ಕು ವರ್ಷದಿಂದ ಇದೆ, ಬೂದಿ ಮುಚ್ಚಿ ಇಟ್ಟುಕೊಂಡಿದ್ದೆ. ನೀನು ಆ ಯಂತ್ರ ತಂದು ಊದಿದೆ.

ಅಮ್ಮ

•

ಸುವಾ
7 ಸೆಪ್ಟೆಂಬರ್ 1997

ಅಮ್ಮಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಪರದೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು.

ಆದರೆ ನ್ಯಾಯ ಹೇಳು. ಅತ್ತೆ ಮಾತಾಡುತ್ತಾರೆ, ನೀನು ಆಡುವುದಿಲ್ಲ. ನಿನ್ನ ಎದುರು ಎರಡು ಸಲ ಕ್ಯಾಮೆರಾ ಹಿಡಿದೆ. ಒಮ್ಮೆ ನೀನು "ಹೋಗೇ, ಅಂಟು ಆರಿಹೋಗತ್ತೆ" ಅಂದೆ, ಇನ್ನೊಮ್ಮೆ ಸೆರಗಿನ ಹಾಗೆ ಚಾಪೆ ಎಳೆದುಕೊಂಡು ಮುಖ ಮುಚ್ಚಿದೆ. ಹೇಳುವವರಿಲ್ಲದೆ ಚಿತ್ರ ನಿಲ್ಲುವುದಿಲ್ಲ. ಹಾಗಾಗಿ ಇದು ಅತ್ತೆಯ ಚಿತ್ರವೇ ಆಗಿದೆ, ನಿನಗೆ ಸುಳ್ಳು ಹೇಳಲಾರೆ.

ಈಗ ಚಿತ್ರ ಜೋಡಿಸುವ ಕೆಲಸ. ಎರಡು ಯಂತ್ರಗಳ ಮುಂದೆ ಕೂರುತ್ತೇನೆ, ಒಂದರಲ್ಲಿ ನೋಡಿ ಇನ್ನೊಂದಕ್ಕೆ ಇಳಿಸುವುದು. ಎಲ್ಲಿ ಶುರು, ಎಲ್ಲಿ ನಿಲ್ಲಿಸು, ಅಷ್ಟೇ ಕೆಲಸ. ಆದರೆ ಒಂದು ಕಣ್ಣೆವೆ ಹೊಡೆಯುವಷ್ಟು ಮುಂಚೆ ನಿಲ್ಲಿಸಿದರೆ ಅತ್ತೆ ಗರ್ವಿಷ್ಠರ ಹಾಗೆ ಕಾಣುತ್ತಾರೆ, ಅಷ್ಟೇ ತಡವಾಗಿ ನಿಲ್ಲಿಸಿದರೆ ಒಂಟಿಯ ಹಾಗೆ. ಅದೇ ಮುಖ, ಅದೇ ಮಾತು! ಇದನ್ನು ಕಂಡುಕೊಂಡ ದಿನ ನಾನು ಬೇರೆ ಯಾವ ಕೆಲಸವನ್ನೂ ಮಾಡಲಾರೆ ಎಂದು ಗೊತ್ತಾಯಿತು. ಇನ್ನು ಗಣಿತ ಮೇಷ್ಟರಾಗು ಅಂದರೆ ಮಕ್ಕಳ ಗತಿ ಅಧೋಗತಿ.

ಈಗ ಮುಖ್ಯವಾದ ಮಾತು. ವರ್ಷಕ್ಕೊಂದು ಚಿತ್ರವನ್ನು ಕಾಲೇಜಿನವರು ಆಕ್ಲೆಂಡಿನ ಪ್ರದರ್ಶನಕ್ಕೆ ಆರಿಸಿ ಕಳಿಸುತ್ತಾರೆ. ಆಯ್ಕೆಯಾದರೆ ಮುಂದಿನ ವರ್ಷದಿಂದ ನಾನು ಗಣಿತ ಬಿಟ್ಟು ಇದನ್ನೇ ಓದಬಹುದು. ಆಗದಿದ್ದರೆ ಇಲ್ಲ, ಕಾಲೇಜಿನ ಷರತ್ತು ಅದು. ಆದರೆ ಚಿತ್ರದಲ್ಲಿ ಯಾರ ಮುಖ, ಯಾರ ದನಿ ಇದೆಯೋ ಅವರೆಲ್ಲ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು. ಬೇರೆಯವರದೆಲ್ಲ ಹೊರಡುವ ಮುಂಚೆಯೇ ಹಾಕಿಸಿಕೊಂಡಿದ್ದೆ, ನಿಮ್ಮಿಬ್ಬರದು ಮನೆಯವರದಲ್ಲವೇ ಎಂದು ಉಳಿಸಿದ್ದೆ. ಎರಡು ಕಾಗದ ಇಟ್ಟಿದ್ದೇನೆ. ಅಕ್ಟೋಬರ್ ಹತ್ತರೊಳಗೆ ನನ್ನ ಕೈ ಸೇರಬೇಕು. ಸಹಿ ಬಾರದವರನ್ನು ಚಿತ್ರದಿಂದ ಪೂರ್ತಿ ತೆಗೆಯಬೇಕು.

ಅತ್ತೆಯ ಕಾಗದವನ್ನು ಅಂಚೆಯಲ್ಲಿ ಕಳಿಸುವುದು ಮರ್ಯಾದೆಯಲ್ಲ. ನೀನೇ ಕೈಯಾರೆ ಕೊಟ್ಟು ಕೇಳು, ದಮ್ಮಯ್ಯ.

ನಿನ್ನ
ಪೆಲೆ

•

(ಅಂಚೆಗೆ ಹಾಕದ ಕಾಗದ)

24 ಸೆಪ್ಟೆಂಬರ್ 1997

ಪೆಲೆ,

ನಾನು ಹೋಗಿದ್ದೆ. ಇದನ್ನು ದೇವರು ನಂಬಲಿ, ನೀನು ನಂಬು. ಸ್ನಾನ ಮಾಡಿ, ಹಿರಿಯರ ಮುಂದೆ ಮರ್ಯಾದೆಗೆಂದು ಸೊಂಟಕ್ಕೆ ಒಳ್ಳೆಯ ಚಾಪೆ ಕಟ್ಟಿಕೊಂಡು, ಕಾಗದವನ್ನು ಬೆವರು ತಾಗದಂತೆ ಎಲೆಯಲ್ಲಿ ಸುತ್ತಿ ಹೋದೆ. ಅವಳ ಜಗುಲಿಯಲ್ಲಿ ಹೆಂಗಸರು ತುಂಬಿದ್ದರು. ನಾನು ಬೇಲಿಯ ಹತ್ತಿರ ಇದ್ದೆ, ಅವಳು ನನ್ನನ್ನು ನೋಡಿರಲಿಲ್ಲ.

"ನನ್ನ ಮೇಲೆ ಚಿತ್ರ ಮಾಡಿದಾಳೆ ನಮ್ಮ ಪೆಲೆ. ಆಕ್ಲೆಂಡಿಗೆ ಹೋಗತ್ತಂತೆ" ಅನ್ನುತ್ತಿದ್ದಳು.

ಯಾರೋ ಕೇಳಿದರು, "ಲೋಸಾ ಇಲ್ವಾ ಅದ್ರಲ್ಲಿ?"

"ಇದಾಳೆ ಇದಾಳೆ. ಎಲ್ಲೋ ಹಿಂದುಗಡೆ, ಬಡೀತಾ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೆಟ್ಟ ನಗುವೇನಲ್ಲ, ಅದೇ ಹೆಚ್ಚು ಉರಿಸಿತು. ಬೇಲಿಯಿಂದಲೇ ವಾಪಸು ಬಂದೆ.

ಕಾಗದವನ್ನು ಬೈಬಲ್ಲಿನಲ್ಲಿ ಇಡಲು ಕೈ ಬರಲಿಲ್ಲ. ಸಕ್ಕರೆ ಡಬ್ಬದ ಕೆಳಗಿದೆ. ನಾಳೆ ಹೋಗುತ್ತೇನೆ ಎಂದು ನಿನ್ನೆಯೂ ಅಂದುಕೊಂಡೆ, ಮೊನ್ನೆಯೂ ಅಂದುಕೊಂಡೆ. ಇಲ್ಲ, ಹೋಗುವುದಿಲ್ಲ. ಒಂದು ಸಲ, ಒಂದೇ ಒಂದು ಸಲ ಅವಳಿಲ್ಲದ ಜಾಗ ಹೇಗಿರುತ್ತದೆ ಎಂದು ನನಗೆ ನೋಡಬೇಕಾಗಿದೆ. ನಿನ್ನ ಓದು ಹಾಳಾದರೆ? ಅದನ್ನು ಯೋಚಿಸಿ ಎರಡು ಸಲ ಡಬ್ಬ ಎತ್ತಿ ಕಾಗದ ತೆಗೆದೆ. ಆದರೂ ಕಾಲು ಆ ಮನೆಯ ಕಡೆ ಏಳುವುದಿಲ್ಲ. ಹೆತ್ತವಳು ಹೀಗೆ ಮಾಡುತ್ತಾಳೆಯೇ? ಮಾಡುತ್ತಾಳೆ, ನಾನೇ ಮಾಡುತ್ತಿದ್ದೇನಲ್ಲ.

•

ನೇಯಾಫು
25 ಸೆಪ್ಟೆಂಬರ್ 1997

ಮಗಳೇ,

ನನ್ನ ಸಹಿ ಹಾಕಿದ ಕಾಗದ ಇದರಲ್ಲಿದೆ. ನಿನ್ನ ಅತ್ತೆಯದನ್ನು ಕೊಟ್ಟಿದ್ದೇನೆ. ಅವಳು ಏನೂ ಹೇಳಲಿಲ್ಲ. ಇಲ್ಲಿ ಗಾಳಿ ಜೋರು, ಬಾಳೆಗಿಡ ನಾಲ್ಕು ಬಿದ್ದಿವೆ. ಅಪ್ಪನಿಗೆ ಕೆಮ್ಮು ವಾಸಿಯಾಗಿದೆ.

ಅಮ್ಮ

•

ಸುವಾ
26 ಅಕ್ಟೋಬರ್ 1997

ಅಮ್ಮಾ,

ಹತ್ತನೆಯ ತಾರೀಖಿನವರೆಗೂ ಅಂಚೆ ಪೆಟ್ಟಿಗೆಯ ಮುಂದೆ ನಿಂತೆ. ಅತ್ತೆಯ ಸಹಿ ಬರಲಿಲ್ಲ. ಹನ್ನೊಂದರಂದು ಲಿತಿಯಾ ನನ್ನ ಪಕ್ಕ ಕೂತು, "ತೆಗಿ" ಅಂದರು. ಅತ್ತೆಯ ಮುಖ, ಅತ್ತೆಯ ದನಿ, ಒಂದೊಂದಾಗಿ ತೆಗೆದೆ. ಇಪ್ಪತ್ತೈದು ನಿಮಿಷದ ಚಿತ್ರದಲ್ಲಿ ಉಳಿದದ್ದು ನಾಲ್ಕು ನಿಮಿಷ. ಅಷ್ಟು ಅತ್ತದ್ದು ನೆನಪಿಲ್ಲ.

ಮಾರನೆಯ ದಿನ ಬೇರೆ ದಾರಿ ಕಾಣದೆ ಬಳಸದೆ ಬಿಟ್ಟಿದ್ದ ಕ್ಯಾಸೆಟ್‌ಗಳನ್ನು ಹಾಕಿದೆ. ಅತ್ತೆ ಮಾತಾಡುವಾಗ ನಡುನಡುವೆ ತೋರಿಸಲೆಂದು ಕೆಲಸದವರನ್ನೂ ತೆಗೆದಿದ್ದೆ. ಕ್ಯಾಮೆರಾವನ್ನು ಮೂಲೆಯಲ್ಲಿ ನಿಲ್ಲಿಸಿ, ಅದರ ಪಾಡಿಗೆ ಅದನ್ನು ಬಿಟ್ಟು, ನಾನು ನೀರು ಕುಡಿಯಲು ಹೋಗುತ್ತಿದ್ದೆ. ಕೊಡತಿಗಳ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

ಅಮ್ಮಾ, ಅದರಲ್ಲೆಲ್ಲ ನೀನಿದ್ದೀಯ. ಎಲ್ಲರೂ ತಲೆ ತಗ್ಗಿಸಿ ಬಡಿಯುತ್ತಿದ್ದಾರೆ, ನೀನೊಬ್ಬಳು ಕೊಡತಿಯನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತೀಯ. ಮತ್ತೆ ಬಡಿಯುತ್ತೀಯ, ಮತ್ತೆ ನೋಡುತ್ತೀಯ. ಮೂರು ವಾರ, ಪ್ರತಿ ದಿನ, ಅದೇ ಕಡೆ. ರೆಪ್ಪೆ ಸಹ ಬಡಿಯುವುದಿಲ್ಲ. ಇಂಥ ಮುಖವನ್ನು ನಾನು ಎಂದೂ ಕಂಡಿರಲಿಲ್ಲ, ನಿನ್ನ ಜೊತೆ ಇಪ್ಪತ್ತು ವರ್ಷ ಇದ್ದೂ.

ನಾನು ಬೇರೆ ಏನನ್ನೂ ಸೇರಿಸಲಿಲ್ಲ. ನಿನ್ನ ಕೈ, ಕೊಡತಿ, ಆ ನೋಟ. ಹತ್ತೊಂಬತ್ತು ನಿಮಿಷ, ಒಂದು ಮಾತೂ ಇಲ್ಲ. ‘ಬಾಗಿಲ ಕಡೆ’ ಎಂದು ಹೆಸರಿಟ್ಟೆ. ಲಿತಿಯಾ ನೋಡಿ, "ಸಮುದ್ರ ದಾಟಿ ಹೋದ ಮಗಳಿಗೆ ಕಾಯೋ ತಾಯಿ ಇವಳು" ಅಂದರು. ನೀನು ನೋಡುತ್ತಿದ್ದದ್ದು ಬಾಗಿಲಾಚೆಯ ಸಮುದ್ರವನ್ನಲ್ಲವೇ? ನಾನು ಎದುರಿಗೇ ಇದ್ದಾಗಲೂ ನಾನು ಹೋಗುವ ದಾರಿಯನ್ನೇ ನೋಡುತ್ತಿದ್ದೆಯಾ?

ಚಿತ್ರ ಆಯ್ಕೆಯಾಗಿದೆ! ಡಿಸೆಂಬರ್ ಆರಕ್ಕೆ ಆಕ್ಲೆಂಡಿನಲ್ಲಿ ತೋರಿಸುತ್ತಾರೆ, ನನ್ನನ್ನೂ ಕರೆದೊಯ್ಯುತ್ತಾರೆ. ಇನ್ನು ಗಣಿತವಿಲ್ಲ. ಒಂದು ಕ್ಯಾಸೆಟ್ ಕಳಿಸುತ್ತಿದ್ದೇನೆ.

ಅತ್ತೆ ಏಕೆ ಸಹಿ ಹಾಕಲಿಲ್ಲ? ನನ್ನಿಂದ ಏನೋ ಅವಮರ್ಯಾದೆ ಆಗಿರಬೇಕು. ಅವರು ಏನೂ ಹೇಳಲಿಲ್ಲ ಎಂದು ನೀನು ಬರೆದಾಗಲೇ ಅಪ್ಪನಿಗೆ ಬರೆದು ಕೇಳಿದ್ದೆ. ಕ್ರಿಸ್‌ಮಸ್ಸಿಗೆ ಬಂದಾಗ ಹರಿದ ಚಾಪೆ ಹೊದ್ದು ಅತ್ತೆಯ ಬಾಗಿಲ ಮುಂದೆ ನೆಲದ ಮೇಲೆ ಕೂತು ಕ್ಷಮೆ ಕೇಳಬೇಕು ಅಂದಿದ್ದಾರೆ. ಅವರು ಏಳು ಅನ್ನುವವರೆಗೆ ಕೂರುತ್ತೇನೆ.

ನಿನ್ನ
ಪೆಲೆ

•

ನೇಯಾಫು
16 ನವೆಂಬರ್ 1997

ಮಗಳೇ ಪೆಲೆ,

ನಿಧಾನವಾಗಿ ಓದು. ಮೊದಲು ತಪ್ಪು ಹೇಳಿಬಿಡುತ್ತೇನೆ. ನಿನ್ನ ಅತ್ತೆಗೆ ನಾನು ಆ ಕಾಗದ ಕೊಟ್ಟೇ ಇರಲಿಲ್ಲ. ಅವಳಿಗೆ ಸಹಿಯ ವಿಷಯವೇ ಗೊತ್ತಿರಲಿಲ್ಲ. ಕೊಟ್ಟೆ ಎಂದು ನಿನಗೆ ಬರೆದದ್ದು ಸುಳ್ಳು. ಆ ದಿನ ಬರೆದು ಅಂಚೆಗೆ ಹಾಕದೆ ಉಳಿಸಿದ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅದನ್ನೂ ಓದಿ ನನ್ನನ್ನು ಬೈಯಬೇಕಾದಷ್ಟು ಬೈಯಿ.

ಕ್ಯಾಸೆಟ್ ಬಂತು. ನಮ್ಮ ಕೇರಿಯಲ್ಲಿ ಅದನ್ನು ಹಾಕುವ ಯಂತ್ರ ಇರುವುದು ಒಂದೇ ಮನೆಯಲ್ಲಿ. ಯಾರ ಮನೆ ಎಂದು ಬರೆಯಬೇಕಾಗಿಲ್ಲ. ನಾನು ಬಚ್ಚಿಡಬೇಕೆಂದಿದ್ದೆ, ಅಂಚೆಯವನು ಅಷ್ಟರಲ್ಲಿ ಊರಿಗೆಲ್ಲ ಸಾರಿದ್ದ. ಅವಳೇ ಹೇಳಿ ಕಳಿಸಿದಳು. ಶನಿವಾರ ಮಧ್ಯಾಹ್ನ ಮೂವತ್ತು ಹೆಂಗಸರನ್ನು ಕೂರಿಸಿಕೊಂಡು, ಕಿವಿಗೆ ಹೂ ಇಟ್ಟುಕೊಂಡು, ತನ್ನ ಚಿತ್ರ ನೋಡಲು ಕೂತಿದ್ದಳು. ನಿನ್ನ ಅಪ್ಪ ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಕೂತು ನೋಡುವಂತಿಲ್ಲವಲ್ಲ, ಹೊರಗೆ ದೀವಿಹಲಸಿನ ಮರದ ಕೆಳಗೆ ಕಿವಿ ಕೊಟ್ಟು ಕೂತ. ನನಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಚಿತ್ರ ಶುರುವಾಯಿತು. ನಾನು. ಮತ್ತೆ ನಾನು. ಐದು ನಿಮಿಷವಾಯಿತು, ಹತ್ತಾಯಿತು, ಅವಳಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಬೀಸಣಿಗೆ ನಿಲ್ಲಿಸಿದಳು, ಅಷ್ಟೇ. ಮುಗಿಯುವ ಹೊತ್ತಿಗೆ ಮೂಗೊರೆಸುವ ಸದ್ದು. "ಎಂಥಾ ಕರುಳಮ್ಮಾ ಲೋಸಾದು, ಮಗಳು ಹೋಗೋ ಸಮುದ್ರಾನೇ ನೋಡ್ತಾ ಇದಾಳೆ" ಎಂದು ನನ್ನನ್ನು ತಬ್ಬಿದರು. ಇಪ್ಪತ್ತನಾಲ್ಕು ವರ್ಷ ಕಾದದ್ದು ಸಿಕ್ಕಿತ್ತು. ಆದರೆ ನುಂಗಲು ಆಗಲಿಲ್ಲ, ಯಾಕೆಂದರೆ ಆ ಮುಖ ಏನೆಂದು ನನಗೆ ಗೊತ್ತು.

ಎಲ್ಲರೂ ಹೋದರು. "ಲೋಸಾ, ನೀನು ಕೂತ್ಕೊ" ಅಂದಳು. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ನನ್ನ ಮುಖದ ಮೇಲೆ ನಿಲ್ಲಿಸಿದಳು.

"ಎಲ್ಲಾರೂ ಸಮುದ್ರ ಅಂದ್ರು. ಬಾಗಿಲ ಹತ್ರ ಯಾರು ಕೂತಿದ್ರು?"

"ನೀವು, ಅತ್ತಿಗೆ."

"ನನ್ನನ್ನ ನೋಡ್ತಾ ಇದ್ದೆ."

"ಹೂಂ."

"ಇದು ಪ್ರೀತಿ ಮುಖಾನಾ?"

"ಅಲ್ಲ ಅತ್ತಿಗೆ. ಹೊಟ್ಟೆಕಿಚ್ಚು."

ಬಾಯಿಂದ ಬಂದೇಬಿಟ್ಟಿತು. ಕಾಗದದ ಕಥೆಯನ್ನೂ ಹೇಳಿದೆ, ಬೇಲಿ, ಸಕ್ಕರೆ ಡಬ್ಬ ಎಲ್ಲ. ನೀನು ಬಂದು ಅವಳ ಬಾಗಿಲಲ್ಲಿ ಕೂರುವವಳಿದ್ದೀಯ ಎಂದೂ ಹೇಳಿದೆ. ಅದನ್ನು ಕೇಳಿ ಎದ್ದು ನಿಂತಳು.

"ಥೂ ನಿನ್ನ! ತಪ್ಪು ನೀನು ಮಾಡಿ, ಆ ಮಗೂನ ನನ್ನ ಬಾಗಿಲಲ್ಲಿ ಕೂರಿಸ್ತೀಯಾ? ಅವಳ ಓದು ಹೋಗಿದ್ರೆ ಏನು ಮಾಡ್ತಿದ್ದೆ? ಸಕ್ಕರೆ ತಿಂತಿದ್ದೆಯಾ?"

ನನಗೆ ಅಳು ಬಂತು. ಅವಳು ಬೈಯುತ್ತಿದ್ದಳು, ನಾನು ಅಳುತ್ತಿದ್ದೆ. ಹೊರಗಿನಿಂದ ನಿನ್ನ ಅಪ್ಪ ಕೆಮ್ಮಿದ. ಅವಳು "ನೀನು ಮನೆಗೆ ಹೋಗು ಸೇಮಿಸಿ" ಎಂದು ಕಿಟಕಿಯಿಂದಲೇ ಕೂಗಿ ಅವನನ್ನು ಓಡಿಸಿದಳು. ಆಮೇಲೆ ನನ್ನ ಪಕ್ಕ, ನೆಲದ ಮೇಲೇ ಕೂತಳು. ಪರದೆಯ ಮೇಲೆ ನನ್ನ ಮುಖ ನಿಂತೇ ಇತ್ತು. ಅದನ್ನೇ ನೋಡುತ್ತ ಹೇಳಿದಳು:

"ನಾನು ಎಲ್ಲಿ ಹೋದ್ರೂ ಎಲ್ಲಾರೂ ತಲೆ ತಗ್ಗಿಸ್ತಾರೆ, ಲೋಸಾ. ನನ್ನ ತಮ್ಮ ತಗ್ಗಿಸ್ತಾನೆ, ಅವನ ಮಕ್ಕಳು ತಗ್ಗಿಸ್ತಾರೆ. ತಲೆ ತಗ್ಗಿಸಿದವರಿಗೆ ನನ್ನ ಮುಖ ಎಲ್ಲಿ ಕಾಣ್ಬೇಕು? ನನ್ನ ಗಂಡ ಸತ್ತ ಮೇಲೆ ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿಲ್ಲ ಕಣೇ."

ನಾನು ಅವಳ ಕಡೆ ತಿರುಗಿದೆ. ಅವಳ ಕೈಯಲ್ಲಿ ಇಷ್ಟೊಂದು ಮುಪ್ಪಿನ ಮಚ್ಚೆಗಳು ಯಾವಾಗ ಆದವೋ, ನಾನು ಅವನ್ನು ನೋಡಿರಲಿಲ್ಲ.

ಮನೆಗೆ ಬಂದು ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅವಳ ಕಾಗದವನ್ನು ಇವತ್ತು ಆರಾಧನೆ ಮುಗಿದ ಮೇಲೆ ಅವಳ ಕೈಗೆ ಕೊಟ್ಟೆ. ಸಹಿ ಹಾಕಿ ಅಂದೆ. ನೀನು ಅವಳನ್ನು ಚಿತ್ರಕ್ಕೆ ವಾಪಸು ಸೇರಿಸು. ಬಾಗಿಲ ಹತ್ತಿರ ಯಾರಿದ್ದರೆಂದು ತೋರಿಸು. ಆಗ ನನ್ನ ಮುಖ ಎಂಥದೆಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಗೊತ್ತಾಗಲಿ. ಆಕ್ಲೆಂಡಿನಲ್ಲಿರುವ ನಮ್ಮ ನೆಂಟರೆಲ್ಲ ನಗುತ್ತಾರೆ, ನಗಲಿ. ಸುಳ್ಳು ಕಣ್ಣೀರು ನನಗೆ ಬೇಡ. ನಿನ್ನ ಕಣ್ಣು ನನ್ನದೋ ಅವಳದೋ ಎಂದು ನಾನು ಇನ್ನು ಜಗಳವಾಡುವುದಿಲ್ಲ. ನಿನ್ನದು ನಿನ್ನದೇ.

ಅವಳು ಕಾಗದವನ್ನು ಮಡಿಸಿ, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟಿದ್ದಾಳೆ. ಇದರ ಜೊತೆ ಕಳಿಸುತ್ತಿದ್ದೇನೆ.

ನಿನ್ನ ಅಮ್ಮ
ಲೋಸಲೀನ್

•

(ಒಪ್ಪಿಗೆ ಕಾಗದದ ಮೇಲೆ, ಸಹಿಯ ಜಾಗದಲ್ಲಿ)

ಪೆಲೆನೈಸೆ,

ನಾನು ಸಹಿ ಹಾಕುವುದಿಲ್ಲ. ಚಿತ್ರ ಇದ್ದಂತೆಯೇ ಇರಲಿ, ಒಂದು ಚೂರನ್ನೂ ಮುಟ್ಟಬೇಡ. ಇದು ನಿನ್ನ ಅತ್ತೆಯ ಮಾತು, ಇದನ್ನು ಮೀರುವ ಹಕ್ಕು ನಿನಗಿಲ್ಲ. ನೋಡಿದವರು ನಿನ್ನ ತಾಯಿಯನ್ನು ಒಳ್ಳೆಯವಳು ಎನ್ನಲಿ. ಅವಳು ಒಳ್ಳೆಯವಳೇ, ಸ್ವಲ್ಪ ಮೂರ್ಖಳು. ಕ್ರಿಸ್‌ಮಸ್ಸಿಗೆ ಬಂದಾಗ ನನ್ನ ಬಾಗಿಲಲ್ಲಿ ಕೂರಬೇಡ, ಒಳಗೆ ಬಂದು ಕೂರು. ಕ್ಯಾಮೆರಾ ಇದ್ದರೆ ತಾ.

ತೋಕಿಲುಪೆ

•

17 ನವೆಂಬರ್, ಅಂಚೆ ಕಚೇರಿಯ ಜಗುಲಿಯಿಂದ

ಪೆಲೆ,

ತಡೆಯಲಾರದೆ ಅವಳ ಲಕೋಟೆಯನ್ನು ಬಿಡಿಸಿ ಓದಿದೆ, ಮತ್ತೆ ಅಂಟಿಸಿದ್ದೇನೆ. ಇನ್ನು ಬಚ್ಚಿಡುವುದಿಲ್ಲ ಎಂದು ನಿನ್ನೆ ತಾನೇ ಆರಾಧನೆಯಲ್ಲಿ ಆಣೆ ಮಾಡಿದ್ದರಿಂದ ಹೇಳುತ್ತಿದ್ದೇನೆ.

ನೋಡಿದೆಯಾ ಅವಳನ್ನು? ಹುಟ್ಟಿದ ಮೇಲೆ ಒಂದೇ ಒಂದು ಸಲ ದೊಡ್ಡ ಮನಸ್ಸು ಮಾಡಲು ಹೊರಟಿದ್ದೆ. ಅದರಲ್ಲೂ ಅವಳದೇ ಮೇಲುಗೈ. ಅವಳ ಮಾತು ಮೀರಬೇಡ, ಚಿತ್ರ ಹಾಗೇ ಇರಲಿ. ಆದರೆ ಆಕ್ಲೆಂಡಿನಲ್ಲಿ ಯಾರಾದರೂ ಎದ್ದು "ನಿನ್ನ ಅಮ್ಮ ಯಾರನ್ನು ನೋಡ್ತಾ ಇದಾಳೆ" ಎಂದು ಕೇಳಿದರೆ, ಸಮುದ್ರ ಅನ್ನಬೇಡ. ನಮ್ಮ ಅತ್ತೆಯನ್ನು ಅನ್ನು, ಅವಳ ಹೆಸರನ್ನೂ ಹೇಳು.

ನನಗೆ ಈಗಲೂ ಹೊಟ್ಟೆ ಉರಿಯುತ್ತಿದೆ ಮಗಳೇ. ಸಂಜೆ ಅವಳ ಮನೆಗೆ ಹೋಗುತ್ತಿದ್ದೇನೆ, ಒಬ್ಬಳೇ ಕೂತಿರುತ್ತಾಳೆ.

ಅಮ್ಮ